ಮನೆವಾರ್ತೆ: ಸದ್ದಿಲ್ಲದೆ ಮುಚ್ಚುವ ಕದ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆಯನ್ನು ಕೇಳದ ಗೃಹಸ್ಥರಿಲ್ಲ. ಮನೆ ಕಟ್ಟುವಾಗಿನ ಕಷ್ಟವನ್ನು ಗಾದೆ ಹೇಳುತ್ತದೆಯೇ ಹೊರತು, ಕಟ್ಟಿದ ಮನೆಯನ್ನು ಸುಸ್ಥಿತಿಯಲ್ಲಿ ಇರಿಸಿಕೊಳ್ಳುವ ಕಷ್ಟವನ್ನು ಹೇಳುವುದಿಲ್ಲ. ಅಡಿಗೆಮನೆಯ ಗೋಡೆಗೆ ಹೊಂದಿಸಿದ ಹೊಸ ಮಾದರಿಯ ಬೀರುಗಳನ್ನೇ ನೋಡಿ. ಗೃಹಪ್ರವೇಶದ ದಿನ ಬಂದ ನೆಂಟರಿಷ್ಟರೆಲ್ಲ ಅವುಗಳ ಕದವನ್ನು ತೆಗೆದು ಬಿಟ್ಟು, ತೆಗೆದು ಬಿಟ್ಟು ಸಂತೋಷಪಡುತ್ತಾರೆ. ಕದವನ್ನು ಎಷ್ಟೇ ಜೋರಾಗಿ ನೂಕಿದರೂ ಅದು ಕೊನೆಯ ನಾಲ್ಕು ಬೆರಳಷ್ಟು ದೂರದಲ್ಲಿ ತಾನಾಗಿಯೇ ನಿಧಾನಗೊಂಡು, ಹೂವಿನ ಮೇಲೆ ಹೂವು ಇಟ್ಟಂತೆ ಮುಚ್ಚಿಕೊಳ್ಳುತ್ತದೆ. ಎರಡು ವರ್ಷ ಕಳೆಯುತ್ತಲೇ ಒಂದು ಕದ ಪಕ್ಕದ ಕದವನ್ನು ಉಜ್ಜುತ್ತದೆ, ಇನ್ನೊಂದು ಪೂರ್ತಿ ಮುಚ್ಚುವುದಿಲ್ಲ, ಮತ್ತೊಂದು ಹಳೆಯ ಕದಗಳಂತೆಯೇ ಧಡ್ ಎಂದು ಬಡಿಯುತ್ತದೆ. ಬಡಗಿಗೆ ಹೇಳಿ ಕಳುಹಿಸಿದರೆ ಇಷ್ಟು ಸಣ್ಣ ಕೆಲಸಕ್ಕೆ ಆತ ಬರುವುದಿಲ್ಲ. ಬಂದರೂ ಐದು ನಿಮಿಷದಲ್ಲಿ ಮುಗಿಸಿ, ಕೇಳಿದಷ್ಟು ಕೂಲಿ ಪಡೆದು ಹೋಗುತ್ತಾನೆ. ಆ ಐದು ನಿಮಿಷಗಳ ಕೆಲಸವನ್ನು ಮನೆಯವರೇ ಮಾಡಿಕೊಳ್ಳಬಹುದು. ಅದಕ್ಕೆ ಬೇಕಾದುದು ಒಂದು ಸ್ಟಾರ್ ಸ್ಕ್ರೂಡ್ರೈವರು ಮತ್ತು ಸ್ವಲ್ಪ ತಾಳ್ಮೆ.

ಕದ ಬಡಿಯುವ ಸದ್ದು ಎಲ್ಲರ ಕಿವಿಗೂ ಒಂದೇ ಆಗಿ ಕೇಳಿಸುವುದಿಲ್ಲ. ಬಂಗಾರಪೇಟೆಯ ಇಂಥದೊಂದು ಮನೆಯನ್ನು ಊಹಿಸಿಕೊಳ್ಳಬಹುದು. ಮಗ ಸೊಸೆ ಇಬ್ಬರೂ ಉದ್ಯೋಗಸ್ಥರು. ಸೊಸೆ ಬೆಳಗಿನ ರೈಲು ಹಿಡಿದು ಸುಮಾರು 70 ಕಿಲೋಮೀಟರು ದೂರದ ಬೆಂಗಳೂರಿಗೆ ಹೋಗಿ ರಾತ್ರಿ ಹಿಂತಿರುಗುವವಳು. ಮಾರಿಕುಪ್ಪಂ ಕಡೆಯಿಂದ ಬರುವ ರೈಲುಗಳಲ್ಲಿ ಇಂತಹ ಸಾವಿರಾರು ಮಂದಿ ದಿನವೂ ಓಡಾಡುತ್ತಾರೆ. ಮಾವನವರು ಎಪ್ಪತ್ತು ದಾಟಿದವರು. ಕೋಲಾರ ಚಿನ್ನದ ಗಣಿಯಲ್ಲಿ ಫಿಟರಾಗಿದ್ದು, 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದಾಗ ಮನೆಗೆ ಬಂದವರು. ಗಣಿಯೂರಿನ ಹಳೆಯ ಮನೆಯನ್ನು ಬಿಟ್ಟು ಮಗ ಕಟ್ಟಿಸಿದ ಹೊಸ ಮನೆಗೆ ಬಂದ ಮೇಲೆ ಅವರಿಗೆ ಮಾಡಲು ಹೆಚ್ಚು ಕೆಲಸವಿಲ್ಲ, ಹೇಳುವವರೂ ಇಲ್ಲ.

ಬೆಳಗಿನ ಐದು ಗಂಟೆಗೆ ಸೊಸೆ ಅವಸರದಲ್ಲಿ ಕಾಫಿಪುಡಿಯ ಡಬ್ಬಿಗೆ ಕೈಹಾಕುತ್ತಾಳೆ. ಬೀರುವಿನ ಕದ ಧಡ್ ಎನ್ನುತ್ತದೆ. ಮಾವನವರು ಬೆಚ್ಚಿ ಎದ್ದು ಕುಳಿತುಕೊಳ್ಳುತ್ತಾರೆ. ಎದೆ ಹೊಡೆದುಕೊಳ್ಳುವುದು ನಿಲ್ಲುವವರೆಗೆ ಸುಮ್ಮನೆ ಕುಳಿತಿದ್ದು, ಆಮೇಲೆ ಹೊರಗೆ ಬಂದು ಜಗಲಿಯ ಮೇಲೆ ಕೂರುತ್ತಾರೆ. ಯಾರೊಡನೆಯೂ ಮಾತಿಲ್ಲ. ಮಾವನವರಿಗೆ ತನ್ನ ನೌಕರಿಯ ಮೇಲೆ ಅಸಮಾಧಾನವಿದೆಯೆಂದು ಸೊಸೆ ತಿಳಿಯುತ್ತಾಳೆ. ಹೇಳಿದರೆ ಸೊಸೆಗೆ ನೋವಾದೀತೆಂದು ಮಾವನವರು ತಿಳಿಯುತ್ತಾರೆ. ಹೀಗೆ ಒಂದು ಸಣ್ಣ ಕೀಲು ಎರಡು ಮನಸ್ಸುಗಳ ನಡುವೆ ನಿಂತುಬಿಡುತ್ತದೆ.

ಅವರು ಬೆಚ್ಚುವುದಕ್ಕೆ ಕಾರಣವುಂಟು. 1880ರಲ್ಲಿ ಜಾನ್ ಟೇಲರ್ ಕಂಪೆನಿಯವರು ಗಣಿಗಾರಿಕೆಗೆ ಕೈಹಾಕಿದ ಮೇಲೆ ಆ ಗಣಿಗಳು ಆಳಕ್ಕೆ ಇಳಿಯುತ್ತಲೇ ಹೋದವು. ಚಾಂಪಿಯನ್ ರೀಫ್ ಗಣಿಯ ಆಳ ಕೊನೆಗೆ 3 ಕಿಲೋಮೀಟರನ್ನೂ ಮೀರಿತು. ಅಷ್ಟು ಆಳದಲ್ಲಿ ಮೇಲಿನ ನೆಲದ ಭಾರವನ್ನೆಲ್ಲ ಹೊತ್ತ ಬಂಡೆ, ಪಕ್ಕದ ಅದಿರನ್ನು ತೆಗೆದಾಗ ಒಳಗೊಳಗೇ ಬಿಗಿದುಕೊಳ್ಳುತ್ತದೆ. ತಾಳಲಾರದ ಗಳಿಗೆಯಲ್ಲಿ ಒಮ್ಮೆಗೇ ಸಿಡಿಯುತ್ತದೆ. ಅದನ್ನೇ ಬಂಡೆ ಸಿಡಿತವೆನ್ನುವುದು. ಕೆಳಗೆ ಬಂಡೆ ಸಿಡಿದರೆ ಮೇಲೆ ಊರಿನಲ್ಲಿ ಗೂಡಿನ ಪಾತ್ರೆಗಳು ನಡುಗುತ್ತಿದ್ದವು. ಗೋಡೆಗಳು ಬಿರುಕು ಬಿಡುತ್ತಿದ್ದವು. ಗಂಡನೋ ಮಗನೋ ಪಾಳಿಯ ಮೇಲೆ ಕೆಳಗಿದ್ದ ಮನೆಗಳಲ್ಲಿ ಆ ಸದ್ದು ಕೇವಲ ಸದ್ದಾಗಿರಲಿಲ್ಲ. ಈ ಸಿಡಿತಗಳ ಅಧ್ಯಯನ ಅಷ್ಟು ಮುಖ್ಯವಾಗಿದ್ದುದರಿಂದಲೇ 1988ರಲ್ಲಿ ರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಸ್ಥೆಯು ಕೋಲಾರ ಚಿನ್ನದ ಗಣಿಯ ಊರಿನಲ್ಲಿಯೇ ಸ್ಥಾಪಿತವಾಯಿತು. ಗಣಿ ಮುಚ್ಚಿ ಸುರಂಗಗಳಲ್ಲಿ ನೀರು ತುಂಬಿದ ಮೇಲೂ ಅಲ್ಲಿನ ನೆಲ ಆಗಾಗ ನಡುಗಿದ್ದುಂಟು. ಅಂತಹ ಊರಿನಲ್ಲಿ ಬಾಳನ್ನು ಸವೆಸಿದ ಕಿವಿಗೆ ನಸುಕಿನ ಕತ್ತಲಲ್ಲಿ ಬಡಿದ ಕದ ಬರಿಯ ಕದವಾಗಿ ಕೇಳಿಸದಿದ್ದರೆ ಆಶ್ಚರ್ಯವೇನು?

ಇನ್ನು ಕೀಲಿನ ವಿಚಾರ. ಹಳೆಯ ಕೀಲು ಎರಡು ರೆಕ್ಕೆ, ಒಂದು ಸಲಾಕೆ ಇಷ್ಟೇ. ಬಡಗಿ ಒಮ್ಮೆ ಹೊಡೆದ ಮೇಲೆ ಅದನ್ನು ಸರಿಹೊಂದಿಸುವ ಪ್ರಶ್ನೆಯಿಲ್ಲ. ಕದ ಜೋತರೆ ಬಿಚ್ಚಿ ಬೇರೆ ಕಡೆ ಹೊಡೆಯಬೇಕು. ಹೊಸ ಕೀಲು ಹೊರಗೆ ಕಾಣಿಸುವುದೇ ಇಲ್ಲ. ಕದದ ಒಳಮೈಯಲ್ಲಿ 35 ಮಿಲಿಮೀಟರು ಅಗಲದ ಗುಂಡನೆಯ ಗುಳಿ ಕೊರೆದು ಅದರಲ್ಲಿ ಲೋಹದ ಬಟ್ಟಲೊಂದನ್ನು ಕೂರಿಸಿರುತ್ತಾರೆ. ಬಟ್ಟಲಿನಿಂದ ಹೊರಟ ತೋಳು ಬೀರುವಿನ ಪಕ್ಕದ ಹಲಗೆಗೆ ಬಿಗಿದ ಪಟ್ಟಿಯ ಮೇಲೆ ಕೂರುತ್ತದೆ. ಸದ್ದಿಲ್ಲದೆ ಮುಚ್ಚುವಂತೆ ಮಾಡುವ ಸಾಧನ ಈ ಬಟ್ಟಲಿನಲ್ಲಿಯೋ ತೋಳಿನಲ್ಲಿಯೋ ಅಡಗಿರುವ ಒಂದು ಸಣ್ಣ ಎಣ್ಣೆಯ ಕೊಳವೆ. ಇಂತಹ ಸಾಧನಗಳನ್ನು ಮನೆಮನೆಗೆ ತಂದ ಕಂಪೆನಿಗಳಲ್ಲಿ ಆಸ್ಟ್ರಿಯಾ ದೇಶದ ಬ್ಲೂಮ್ ಒಂದು. 1952ರಲ್ಲಿ ಅದನ್ನು ಸ್ಥಾಪಿಸಿದ ಜೂಲಿಯಸ್ ಬ್ಲೂಮ್ ಕುದುರೆಗಳಿಗೆ ಲಾಳ ಕಟ್ಟುವ ಕಸುಬಿನವನು. ಕಂಪೆನಿಯ ಮೊದಲ ಸರಕು ಲಾಳಕ್ಕೆ ಹಾಕುವ ಗುಬುಟು. ಕುದುರೆಯ ಗೊರಸಿನಿಂದ ಅಡಿಗೆಮನೆಯ ಕದದವರೆಗೆ ಬರಲು ಅರ್ಧ ಶತಮಾನ ಹಿಡಿಯಿತು. ಸದ್ದಿಲ್ಲದೆ ಮುಚ್ಚುವ ಸಾಧನವನ್ನು ಅವರು ಹೊರತಂದದ್ದು 2001ರಲ್ಲಿ. ಗಣಿ ಮುಚ್ಚಿದ ವರ್ಷವೂ ಅದೇ.

ಕೊಳವೆ ಕೆಲಸ ಮಾಡುವ ಬಗೆಯನ್ನು ತಿಳಿಯಲು ಒಂದು ಬಟ್ಟಲು ಜೇನುತುಪ್ಪ ಸಾಕು. ಅದರಲ್ಲಿ ಚಮಚವನ್ನು ನಿಧಾನವಾಗಿ ಆಡಿಸಿದರೆ ಸಲೀಸಾಗಿ ಆಡುತ್ತದೆ. ರಭಸದಿಂದ ಎಳೆದರೆ ಬಟ್ಟಲೇ ಚಮಚದ ಹಿಂದೆ ಬರುತ್ತದೆ. ದ್ರವ ದಪ್ಪವಾಗಿದ್ದಷ್ಟೂ ವೇಗವನ್ನು ತಡೆಯುವ ಶಕ್ತಿ ಹೆಚ್ಚು. ವೇಗ ಹೆಚ್ಚಿದಷ್ಟೂ ತಡೆಯೂ ಹೆಚ್ಚು. ಕೊಳವೆಯೊಳಗಿನ ದಟ್ಟೆ ಎಣ್ಣೆಯ ನಡುವೆ ಸರಿಯುವಾಗ ಆಗುವುದೂ ಇದೇ. ಜೋರಾಗಿ ನೂಕಿದ ಕದವನ್ನು ಅದು ಬಲವಾಗಿ ತಡೆಯುತ್ತದೆ, ಮೆಲ್ಲನೆ ನೂಕಿದ ಕದವನ್ನು ಮೆಲ್ಲನೆ ಬಿಡುತ್ತದೆ. ನೂಕಿದ ಕೈಯ ಶಕ್ತಿ ಒಮ್ಮೆಗೇ ಹಲಗೆಗೆ ಬಡಿಯುವ ಬದಲು ಎಣ್ಣೆಯಲ್ಲಿ ಕೊಂಚ ಶಾಖವಾಗಿ ಕರಗುತ್ತದೆ. ಬಂಡೆಗೆ ಇಂತಹ ಅನುಕೂಲವಿಲ್ಲ. ತುಂಬಿಕೊಂಡುದನ್ನು ಅದು ಒಂದೇ ಸಲಕ್ಕೆ ಚೆಲ್ಲುತ್ತದೆ.

ಒಂದು ಭಾನುವಾರ ಸೊಸೆ ತಾನೇ ಸ್ಕ್ರೂಡ್ರೈವರು ಹಿಡಿದು ನಿಂತಳೆನ್ನೋಣ. ಕಂಡ ತಿರುಪನ್ನೆಲ್ಲ ತಿರುಗಿಸಿದ ಮೇಲೆ ಉಜ್ಜುತ್ತಿದ್ದ ಕದ ಓರೆಯಾಯಿತು, ನೆಟ್ಟಗಿದ್ದುದು ಉಜ್ಜತೊಡಗಿತು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಮಾವನವರು ಕೊನೆಗೆ ಬಾಯಿ ಬಿಟ್ಟರು.

“ನಿಲ್ಲಮ್ಮ. ಒಂದೊಂದೇ ತಿರುಪು ಮುಟ್ಟಬೇಕು. ಮುಟ್ಟುವುದಕ್ಕೆ ಮೊದಲು ಪೆನ್ಸಿಲಿನಲ್ಲಿ ಗುರುತು ಹಾಕಿಕೊಳ್ಳಬೇಕು. ಕೆಟ್ಟರೆ ಹಿಂದಿನ ಜಾಗಕ್ಕೆ ಬರುವುದು ಹೇಗೆ ಮತ್ತೆ?”

“ನಿಮಗೆ ಇದು ಗೊತ್ತೇ, ಮಾವ?”

“ಇದು ಗೊತ್ತಿಲ್ಲ. ತಿರುಪು ಗೊತ್ತು.”

ಫಿಟರುಗಳ ಈ ಮೊದಲ ಪಾಠ ಎಲ್ಲ ಮನೆಗಳಿಗೂ ಸಲ್ಲತಕ್ಕದ್ದು. ಒಂದು ಸಲಕ್ಕೆ ಒಂದೇ ತಿರುಪು, ಒಂದು ತಿರುಪಿಗೆ ಕಾಲು ಸುತ್ತು. ಕದ ಮುಚ್ಚಿ ನೋಡಿ ಮತ್ತೆ ಕಾಲು ಸುತ್ತು. ಯಾವ ಕಡೆಗೆ ತಿರುಗಿಸಿದರೆ ಕದ ಯಾವ ಕಡೆಗೆ ಸರಿಯುತ್ತದೆ ಎಂಬುದು ಕೀಲಿನ ಮಾದರಿಯಿಂದ ಮಾದರಿಗೆ ಬೇರೆಯಾಗುವುದರಿಂದ ಕಣ್ಣೇ ಪ್ರಮಾಣ. ಸ್ಕ್ರೂಡ್ರೈವರಿನ ತುದಿ ತಿರುಪಿನ ತಲೆಯಲ್ಲಿ ಸರಿಯಾಗಿ ಕೂರಬೇಕು. ಸಾಮಾನ್ಯವಾಗಿ ಎರಡನೆಯ ಅಳತೆಯದು ಹೊಂದುತ್ತದೆ. ಸಣ್ಣ ತುದಿ ಜಾರಿ ತಿರುಪಿನ ತಲೆಯನ್ನು ತಿಂದುಹಾಕಿದರೆ ಆ ಕೀಲು ಇನ್ನು ಯಾರ ಮಾತನ್ನೂ ಕೇಳುವುದಿಲ್ಲ.

ಕೆಲಸದ ಕ್ರಮ ಹೀಗೆ. ಮೊದಲು ಕೀಲಿನ ಪಟ್ಟಿಯನ್ನು ಹಲಗೆಗೆ ಹಿಡಿದಿರುವ ತಿರುಪುಗಳೂ, ಬಟ್ಟಲನ್ನು ಕದಕ್ಕೆ ಹಿಡಿದಿರುವ ತಿರುಪುಗಳೂ ಬಿಗಿಯಾಗಿವೆಯೇ ಎಂದು ನೋಡಬೇಕು. ಅರ್ಧಕ್ಕರ್ಧ ದೂರುಗಳು ಇಲ್ಲಿಯೇ ಮುಗಿಯುತ್ತವೆ. ತಿರುಪು ಬಿಗಿಯದೆ ಸುಮ್ಮನೆ ಸುತ್ತುತ್ತಿದ್ದರೆ ಮರದ ಪುಡಿಯಿಂದ ಮಾಡಿದ ಹಲಗೆಯಲ್ಲಿ ತೂತು ದೊಡ್ಡದಾಗಿದೆ ಎಂದರ್ಥ. ಮದ್ದು ಕೆತ್ತಿ ತೆಗೆದ ಬೆಂಕಿಕಡ್ಡಿಗಳನ್ನು ಬಡಗಿಯ ಗೋಂದಿನಲ್ಲಿ ಅದ್ದಿ ತೂತಿಗೆ ತುಂಬಿ, ಒಂದು ರಾತ್ರಿ ಒಣಗಲು ಬಿಟ್ಟು, ಮರುದಿನ ತಿರುಪು ಕೂರಿಸಿದರೆ ಹಿಡಿತ ಬರುತ್ತದೆ. ಆಮೇಲೆ ಬೀರು ಮಟ್ಟವಾಗಿದೆಯೇ ಎಂದು ರಸಮಟ್ಟವಿಟ್ಟು ನೋಡಬೇಕು. ಬೀರುವೇ ವಾಲಿದ್ದರೆ ಕದವನ್ನು ಎಷ್ಟು ತಿದ್ದಿದರೂ ಫಲವಿಲ್ಲ.

ಮುಂದೆ ಮೂರು ದಿಕ್ಕಿನ ಹೊಂದಾಣಿಕೆ. ಮೇಲಕ್ಕೆ ಕೆಳಕ್ಕೆ ಸರಿಸುವ ತಿರುಪು ಹಲಗೆಗೆ ಹೊಡೆದ ಪಟ್ಟಿಯಲ್ಲಿರುತ್ತದೆ. ಕೆಲವು ಕೀಲುಗಳಲ್ಲಿ ಅದಕ್ಕೆ ಬೇರೆ ತಿರುಪಿಲ್ಲ. ಪಟ್ಟಿಯ ತಿರುಪುಗಳನ್ನು ಸಡಿಲಿಸಿ, ಕದವನ್ನು ಎತ್ತಿ ಹಿಡಿದು, ಮತ್ತೆ ಬಿಗಿಯಬೇಕು. ಆಗ ಒಬ್ಬರು ಕದವನ್ನು ಹಿಡಿಯಬೇಕು, ಇನ್ನೊಬ್ಬರು ತಿರುಪನ್ನು. ಒಬ್ಬರೇ ಮಾಡುವ ಸಾಹಸ ಕೂಡದು; ಕದ ಕಾಲಿನ ಮೇಲೆ ಬಿದ್ದೀತು. ಎಡಕ್ಕೆ ಬಲಕ್ಕೆ ಸರಿಸುವ ತಿರುಪು ತೋಳಿನ ಮೇಲೆ ಕದಕ್ಕೆ ಸಮೀಪವಾಗಿರುತ್ತದೆ. ಒಳಕ್ಕೆ ಹೊರಕ್ಕೆ ಸರಿಸುವ ತಿರುಪು ಅದರ ಹಿಂದೆ, ಬೀರುವಿನ ಒಳಭಾಗಕ್ಕೆ ಇರುತ್ತದೆ. ಪ್ರತಿಯೊಂದೂ ಕದವನ್ನು ಒಂದೆರಡು ಮಿಲಿಮೀಟರು ಮಾತ್ರ ಸರಿಸಬಲ್ಲದು. ಆದರೆ ಕಣ್ಣಿಗೆ ಓರೆಯಾಗಿ ಕಾಣುವ ಕದದ ತಪ್ಪೂ ಬಹುಮಟ್ಟಿಗೆ ಅಷ್ಟೇ ಇರುತ್ತದೆ.

ಈ ಮನೆಯ ಮೊದಲ ಕದ ಪಕ್ಕದ ಕದವನ್ನು ಉಜ್ಜುತ್ತಿತ್ತು. ಕೀಲು ಎಡಕ್ಕೆ, ಹಿಡಿ ಬಲಕ್ಕೆ. ಹಿಡಿಯ ಕಡೆ ಕೆಳಕ್ಕೆ ಜೋತಿತ್ತು. ಇಂಥಲ್ಲಿ ಮೇಲಿನ ಕೀಲಿನಿಂದ ಕದವನ್ನು ಕೀಲಿನ ಕಡೆಗೆ ಸ್ವಲ್ಪ ಎಳೆದುಕೊಂಡು, ಕೆಳಗಿನ ಕೀಲಿನಿಂದ ಅದರ ಎದುರು ಕಡೆಗೆ ಸ್ವಲ್ಪ ತಳ್ಳಿದರೆ ಜೋತ ಮೂಲೆ ತಾನೇ ಮೇಲೇಳುತ್ತದೆ. ಎರಡು ಕದಗಳ ನಡುವಣ ಸಂದು ಮೇಲಿಂದ ಕೆಳಗಿನವರೆಗೆ ಒಂದೇ ಸಮನಾಗಿದ್ದರೆ ಅದು ಸರಿಯಾದ ಹೊಂದಾಣಿಕೆ. ಮಾವನವರು ಸಂದಿನಲ್ಲಿ ಎರಡು ಪೋಸ್ಟ್ ಕಾರ್ಡು ಸೇರಿಸಿ ಮೇಲಿಂದ ಕೆಳಕ್ಕೆ ಜಾರಿಸಿದರು. ಎಲ್ಲಿಯೂ ತಡೆಯಲಿಲ್ಲ.

ಎರಡನೆಯದು ಒಂದು ಬೆರಳಷ್ಟು ತೆರೆದೇ ನಿಲ್ಲುತ್ತಿತ್ತು. ಇದಕ್ಕೆ ಎರಡು ಕಾರಣಗಳಿರಬಹುದು. ಒಳಕ್ಕೆ ಹೊರಕ್ಕೆ ಸರಿಸುವ ತಿರುಪಿನಿಂದ ಕದ ಹೆಚ್ಚು ಒಳಕ್ಕೆ ಹೋಗಿದ್ದರೆ, ಕೀಲಿನ ಕಡೆಯ ಅಂಚು ಮೊದಲೇ ಬೀರುವಿಗೆ ತಗಲಿ ಹಿಡಿಯ ಕಡೆ ಮುಚ್ಚುವುದಿಲ್ಲ. ಆಗ ತುಸು ಹೊರಕ್ಕೆ ತರಬೇಕು. ಇಲ್ಲವೇ ಕದ ಚಿಕ್ಕದಾಗಿ ಹಗುರವಾಗಿದ್ದು ಎರಡು ಕೀಲುಗಳ ಎಣ್ಣೆಯ ಕೊಳವೆಗಳೂ ಸೇರಿ ಅದನ್ನು ಅತಿಯಾಗಿ ತಡೆಯುತ್ತಿರಬೇಕು. ಅನೇಕ ಕೀಲುಗಳ ಬಟ್ಟಲಿನ ಬಳಿ ಒಂದು ಸಣ್ಣ ಗುಂಡಿಯೋ ಸರಿಸುವ ಮೊಳೆಯೋ ಇರುತ್ತದೆ. ಅದನ್ನು ಸರಿಸಿದರೆ ಆ ಒಂದು ಕೀಲಿನ ತಡೆ ನಿಲ್ಲುತ್ತದೆ. ಚಿಕ್ಕ ಕದಕ್ಕೆ ಒಂದು ಕೀಲಿನ ತಡೆಯೇ ಸಾಕು. ಅವರೂ ಹಾಗೆಯೇ ಮಾಡಿದರು. ಕದ ಪೂರ್ತಿ ಮುಚ್ಚಿತು.

ಮೂರನೆಯದೇ ಬಡಿಯುವ ಕದ, ಕಾಫಿಪುಡಿಯ ಬೀರುವಿನದು. ಗುಂಡಿ ಸರಿಯಾಗಿಯೇ ಇತ್ತು, ತಿರುಪುಗಳು ಬಿಗಿಯಾಗಿಯೇ ಇದ್ದವು. ಮಾವನವರು ಕೀಲಿನ ಕೆಳಗೆ ಬೆರಳಿಟ್ಟು ಮೂಗಿನ ಬಳಿ ಹಿಡಿದರು, ಬೆರಳಿಗೆ ಎಣ್ಣೆಯ ಪಸೆ ಹತ್ತಿತ್ತು.

“ಎಣ್ಣೆ ಸೋರಿಹೋಗಿದೆ ಕಣಮ್ಮ. ಇದನ್ನು ತಿರುಗಿಸಿ ಫಲವಿಲ್ಲ. ಹೊಸದು ತರಬೇಕು.”

ಸ್ವಲ್ಪ ಹೊತ್ತು ಬಿಟ್ಟು, ತಲೆ ಎತ್ತದೆಯೇ ಅಂದರು: “ಇದು ಬಡಿದಾಗಲೆಲ್ಲ ನನಗೆ ಕೆಳಗೆ ಏನೋ ಆಯಿತು ಅನ್ನಿಸುತ್ತೆ.”

ಸೊಸೆಗೆ ಜಗಲಿಯ ಮೇಲೆ ಕೂರುವ ಮೌನದ ಅರ್ಥ ಆಗ ತಿಳಿಯಿತು. “ಮೊದಲೇ ಹೇಳಬಾರದಾಗಿತ್ತೆ ಮಾವ” ಎಂದಳು. ಹೇಳುವುದೇನು, ನಿನಗೆ ರೈಲಿಗೆ ಹೊತ್ತಾಗುತ್ತದೆ ಎಂದರು ಅವರು.

ಎಣ್ಣೆ ಸೋರಿದ ಕೊಳವೆಗೆ ಮನೆಯಲ್ಲಿ ಎಣ್ಣೆ ತುಂಬುವುದು ಸಾಧ್ಯವಿಲ್ಲ. ಅದು ಮುಚ್ಚಿ ಬೆಸೆದ ಕೊಳವೆ. ಕೀಲಿನ ಮೇಲೆ ಕೊಬ್ಬರಿ ಎಣ್ಣೆಯನ್ನೋ ಹೊಲಿಗೆಯಂತ್ರದ ಎಣ್ಣೆಯನ್ನೋ ಸುರಿಯುವವರುಂಟು. ಅದರಿಂದ ತಡೆ ಮರಳಿ ಬರುವುದಿಲ್ಲ, ಧೂಳು ಮಾತ್ರ ಅಂಟಿಕೊಳ್ಳುತ್ತದೆ. ಗಣಿಯೂರಿನ ಮನೆಗಳವರು ಇದನ್ನು ವಿಶೇಷವಾಗಿ ಗಮನಿಸಬೇಕು. ಚಿನ್ನ ತೆಗೆದ ಮೇಲೆ ಉಳಿದ ಅರೆದ ಕಲ್ಲಿನ ಹುಡಿ ಅಲ್ಲಿ ಸೈನೈಡ್ ದಿಬ್ಬಗಳಾಗಿ ನಿಂತಿದೆ. ಗಾಳಿ ಎದ್ದಾಗ ಅದರ ನುಣ್ಣನೆಯ ಧೂಳು ಕಿಟಕಿಯ ಸಂದಿನಿಂದ ಅಡಿಗೆಮನೆಗೂ ಬರುತ್ತದೆ. ಬೆಣಚುಕಲ್ಲಿನ ಹುಡಿ ಎಣ್ಣೆಯೊಡನೆ ಸೇರಿದರೆ ಅರದಂತೆ ಕೀಲನ್ನು ತೇಯುತ್ತದೆ. ಆದುದರಿಂದ ತಿಂಗಳಿಗೊಮ್ಮೆ ಕೀಲುಗಳನ್ನು ಒಣಬಟ್ಟೆಯಿಂದ ಒರೆಸುವುದೇ ಉತ್ತಮ ಆರೈಕೆ.

ಹೊಸ ಕೀಲು ಕೊಳ್ಳಲು ಹೋಗುವಾಗ ಹಳೆಯದನ್ನು ಬಿಚ್ಚಿ ಜೊತೆಯಲ್ಲಿ ಒಯ್ಯಬೇಕು. ಬಟ್ಟಲಿನ ಅಳತೆ ಒಂದೇ ಆದರೂ ತೋಳಿನ ಬಾಗು ಬೇರೆಬೇರೆಯಾಗಿರುತ್ತದೆ. ಬೀರುವಿನ ಪಕ್ಕದ ಹಲಗೆಯನ್ನು ಪೂರ್ತಿ ಮುಚ್ಚುವ ಕದಕ್ಕೆ ನೆಟ್ಟಗಿನ ತೋಳು, ಒಂದೇ ಹಲಗೆಯನ್ನು ಎರಡು ಕದಗಳು ಹಂಚಿಕೊಳ್ಳುವಲ್ಲಿ ಸ್ವಲ್ಪ ಬಾಗಿದ ತೋಳು, ಚೌಕಟ್ಟಿನ ಒಳಗೇ ಕೂರುವ ಕದಕ್ಕೆ ಇನ್ನೂ ಹೆಚ್ಚು ಬಾಗಿದ್ದು. ಈ ಭೇದ ತಿಳಿಯದೆ ತಂದರೆ ಎರಡನೆಯ ಪ್ರಯಾಣ ತಪ್ಪದು. ಕೀಲುಗಳ ಸಂಖ್ಯೆಯನ್ನೂ ನೋಡಿಕೊಳ್ಳಬೇಕು. ಸುಮಾರು 90 ಸೆಂಟಿಮೀಟರು ಎತ್ತರದವರೆಗಿನ ಕದಕ್ಕೆ ಎರಡು, 160ರವರೆಗೆ ಮೂರು, 200ರವರೆಗೆ ನಾಲ್ಕು ಎಂಬುದು ಸಾಮಾನ್ಯ ಲೆಕ್ಕ. ಕದ ಭಾರವಾಗಿದ್ದರೆ ಇನ್ನೊಂದು ಹೆಚ್ಚು ಬೇಕು. ಎರಡೇ ಕೀಲು ಹೊತ್ತ ಭಾರವಾದ ಕದ ಬೇಗ ಜೋಲುತ್ತದೆ, ತಡೆಯ ಕೊಳವೆಯೂ ಬೇಗ ಸೋಲುತ್ತದೆ. ಹೊಸ ಕೀಲು ಬರುವವರೆಗೆ ಕದ ತಗಲುವ ಜಾಗದಲ್ಲಿ ರಬ್ಬರಿನ ಸಣ್ಣ ಬಿಲ್ಲೆಗಳನ್ನು ಅಂಟಿಸಿದರೆ ಸದ್ದು ಎಷ್ಟೋ ತಗ್ಗುತ್ತದೆ. ಮಕ್ಕಳಿರುವ ಮನೆಯಲ್ಲಿ ಈ ಕೆಲಸವನ್ನು ನಾಳೆಗೆ ಬಿಡಬಾರದು. ಬಡಿಯುವ ಕದ ಎಳೆಯ ಬೆರಳಿಗೆ ಕಾಯುತ್ತಿರುತ್ತದೆ.

ಯಂತ್ರದ ಪರಿಚಯ ಆ ಸೀಮೆಯ ಮನೆಗಳಿಗೆ ಹೊಸದೇನಲ್ಲ. 1902ರಲ್ಲಿ ಶಿವನಸಮುದ್ರದಿಂದ 92 ಮೈಲಿ ದೂರ ಹರಿದುಬಂದ ವಿದ್ಯುತ್ತು ಮೊದಲು ಸೇರಿದ್ದು ಆ ಗಣಿಗಳನ್ನು. ನೀರೆತ್ತುವ ಪಂಪನ್ನೂ, ಅದಿರು ಪುಡಿಮಾಡುವ ಯಂತ್ರವನ್ನೂ ಕೆಟ್ಟ ಕಡೆಯೇ ಬಿಚ್ಚಿ ಜೋಡಿಸಿದ ಕೈಗಳು ಎಷ್ಟೋ ಮನೆಗಳಲ್ಲಿ ಈಗ ಸುಮ್ಮನೆ ಮಡಿಲಲ್ಲಿ ಕುಳಿತಿವೆ. ಹೊಸ ಸಾಮಾನು ಹಿರಿಯರಿಗೆ ತಿಳಿಯದೆಂದು ಕಿರಿಯರು ಭಾವಿಸುತ್ತಾರೆ. ಕೇಳದೆ ಹೇಳುವುದು ಹೇಗೆಂದು ಹಿರಿಯರು ಸುಮ್ಮನಿರುತ್ತಾರೆ. ಮನೆಯ ಕದಗಳನ್ನು ಸರಿಪಡಿಸುವ ದಿನ ಸ್ಕ್ರೂಡ್ರೈವರನ್ನು ಮೊದಲು ಅವರ ಕೈಗೆ ಕೊಡುವುದು ಒಳ್ಳೆಯದು. ಕೈ ನಡುಗಿದರೆ ಅವರು ಕದ ಹಿಡಿಯಲಿ, ಕಿರಿಯರು ತಿರುಗಿಸಲಿ.

ಮುಂದಿನ ವಾರ ಸೊಸೆ ಬೆಂಗಳೂರಿನಿಂದ ಎರಡು ಹೊಸ ಕೀಲುಗಳನ್ನು ತಂದಳು. ಮಾವನವರು ಅವನ್ನು ಅಂಗೈಯಲ್ಲಿಟ್ಟು ಮಡಿಸಿ ಬಿಡಿಸಿ ನೋಡಿ, ತಾವೇ ಕೂರಿಸಿದರು. ಸೋಮವಾರ ಬೆಳಗ್ಗೆ ಆಕೆ ಕಾಫಿಪುಡಿ ತೆಗೆದು ಕದವನ್ನು ಅಭ್ಯಾಸದಂತೆ ಜೋರಾಗಿಯೇ ಬಿಟ್ಟಳು. ಸದ್ದಾಗಲಿಲ್ಲ. ಅವಳು ಚಪ್ಪಲಿ ಮೆಟ್ಟುವ ಹೊತ್ತಿಗೂ ಮಾವನವರ ಕೋಣೆಯ ಬಾಗಿಲು ತೆರೆದಿರಲಿಲ್ಲ. ಕಾಫಿಯನ್ನು ಫ್ಲಾಸ್ಕಿನಲ್ಲಿ ತುಂಬಿ, ಅವರ ಹಾಸಿಗೆಯ ಪಕ್ಕದ ಮಣೆಯ ಮೇಲಿಟ್ಟು, ಅವಳು ನಿಲ್ದಾಣದ ಕಡೆಗೆ ನಡೆದಳು.